ತೊಗರಿಬೇಳೆ ಬೇಯುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಮೂರು ಬಟ್ಟಲಲ್ಲಿ ಹುಡುಕುವ ಬಗೆ

ಆರು ಸಲ ಕೂಗಿದ ಕುಕ್ಕರ್ ಬಿಚ್ಚಿ ನೋಡಿದರೆ ಬೇಳೆ ಹಾಕಿದ ಹಾಗೇ ಕೂತಿದೆ. ಮೇಲೆ ತಿಳಿ ನೀರು, ತಳದಲ್ಲಿ ಕಾಳು ಕಾಳು. ಸೌಟಿನ ಬೆನ್ನಲ್ಲಿ ಒತ್ತಿದರೆ ಜಾರಿ ಹೋಗುತ್ತದೆ, ಮಸೆಯಲು ಬರುವುದಿಲ್ಲ. ಅನ್ನ ಆಗಿದೆ, ಒಗ್ಗರಣೆಗೆ ಎಲ್ಲ ಎತ್ತಿಟ್ಟಾಗಿದೆ. ಸಾರು ಮಾತ್ರ ಆಗುವ ಹಾಗಿಲ್ಲ.

ಇಂಥ ಹೊತ್ತಲ್ಲಿ ಎಲ್ಲರೂ ಮಾಡುವುದು ಒಂದೇ. ಮತ್ತೆ ಮುಚ್ಚಳ ಹಾಕಿ ಇನ್ನೂ ಮೂರು ಕೂಗಿಸುತ್ತೇವೆ. ಮಾರನೇ ದಿನದಿಂದ ಒಂಬತ್ತು ಕೂಗೇ ರೂಢಿಯಾಗುತ್ತದೆ. ಗ್ಯಾಸ್ ಜಾಸ್ತಿ ಖರ್ಚಾಗುತ್ತದೆ. ಅಷ್ಟಾದರೂ ಬೇಳೆ ಒಂದು ದಿನ ಬೇಯುತ್ತದೆ, ಒಂದು ದಿನ ಇಲ್ಲ. ಬೆಂಗಳೂರಿನ ಹೊರವಲಯದ ಬಡಾವಣೆಗೆ ಮನೆ ಬದಲಾಯಿಸಿದ ಮೇಲೆ ನಾನು ನಾಲ್ಕು ತಿಂಗಳು ಹೀಗೇ ಕಳೆದೆ. ಮೊದಲು ಅಂಗಡಿಯ ಬೇಳೆ ಸರಿಯಿಲ್ಲ ಅಂದುಕೊಂಡೆ. ಅಂಗಡಿ ಬದಲಾಯಿಸಿದೆ. ಆಮೇಲೆ ಕುಕ್ಕರ್ ಹಳೆಯದಾಯಿತು ಅಂದುಕೊಂಡೆ. ಹೊಸದು ತಂದೆ. ಎರಡೂ ಕಾರಣ ಆಗಿರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆ ಫೋನಿನಲ್ಲಿ ಒಂದೇ ಮಾತು ಕೇಳಿದರು: "ನೀರು ಯಾವುದು ಹಾಕ್ತೀಯೇ?" ಆವತ್ತಿನವರೆಗೂ ನೀರಿನ ಕಡೆ ನನ್ನ ಗಮನವೇ ಹೋಗಿರಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದಾದ ಮೇಲೂ ಎರಡು ಸಲ ಬೇಳೆ ಬೇಯದೆ ಉಳಿಯಿತು. ಒಮ್ಮೆ ಕಾರಣ ಗ್ಯಾಸ್ಕೆಟ್, ಇನ್ನೊಮ್ಮೆ ನಾನು ಬೇಳೆ ಡಬ್ಬಿ ಇಟ್ಟಿದ್ದ ಜಾಗ. ಮೂರು ಸಲವೂ ತಟ್ಟೆಗೆ ಬಂದ ತೊಂದರೆ ಒಂದೇ, ಕಾರಣ ಮೂರು. ಅದಕ್ಕೇ ಕೂಗು ಜಾಸ್ತಿ ಮಾಡುವ ಮೊದಲು ಕಾರಣ ಯಾವುದೆಂದು ಬೇರ್ಪಡಿಸಿ ನೋಡಬೇಕು ಅನ್ನುತ್ತೇನೆ. ಅದಕ್ಕೆ ಬೇಕಾಗುವುದು ಒಂದು ಹಿಡಿ ಬೇಳೆ ಮತ್ತು ಅರ್ಧ ಗಂಟೆ.

ಮೊದಲು ಬೇಳೆಯನ್ನೇ ಕೇಳಿ

ಬೇಯದ ಬೇಳೆಯನ್ನು ಬೇಜಾರಿನಲ್ಲಿ ಮಿಕ್ಸಿಗೆ ಹಾಕಿಬಿಡಬೇಡಿ. ಒಂದು ಚಮಚ ತೆಗೆದು ತಟ್ಟೆಗೆ ಹರಡಿ. ಹತ್ತು ಕಾಳು ಆರಿಸಿ, ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಚುಕಿ ನೋಡಿ.

ಹತ್ತೂ ಒಂದೇ ಥರ ಗಟ್ಟಿಯಾಗಿದ್ದು, ಮುರಿದಾಗ ನಡುವೆ ಸುಣ್ಣದ ಹಾಗೆ ಬಿಳಿ ಚುಕ್ಕೆ ಕಂಡರೆ ಬೇಳೆಗೆ ಶಾಖವೋ ಸಮಯವೋ ಸಾಲದೆ ಹೋಗಿದೆ. ಮೊದಲ ಅನುಮಾನ ಕುಕ್ಕರ್ ಮೇಲೆ.

ಹತ್ತರಲ್ಲಿ ಆರು ಕರಗಿ ಬೆಣ್ಣೆಯಾಗಿದ್ದು ನಾಲ್ಕು ಕಲ್ಲಿನ ಹಾಗೆ ಉಳಿದಿದ್ದರೆ ಬೇಳೆಯಲ್ಲೇ ಬೆರಕೆ ಇದೆ. ಹಳೆಯದೂ ಹೊಸದೂ ಒಂದೇ ಚೀಲದಲ್ಲಿ ಸೇರಿದೆ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿಯಲ್ಲಿ ಬೆಂದ ಕಾಳುಗಳು ಬೇರೆ ಬೇರೆ ಆಗಲು ಇನ್ನೇನು ಕಾರಣ ಇದ್ದೀತು, ಅಲ್ವಾ?

ಮೂರನೆಯದು ಸ್ವಲ್ಪ ಮೋಸ ಮಾಡುತ್ತದೆ. ಕಾಳು ಹಿಚುಕಿದರೆ ಮೆತ್ತಗೇ ಇದೆ, ಹಸಿ ವಾಸನೆಯೂ ಇಲ್ಲ. ಆದರೆ ಆಕಾರ ಬಿಟ್ಟಿಲ್ಲ. ಎಷ್ಟು ಕಡೆದರೂ ಸಾರು ಮಂದವಾಗುವುದಿಲ್ಲ, ನೀರು ಬೇರೆ ಬೇಳೆ ಬೇರೆ ಆಗಿ ನಿಲ್ಲುತ್ತದೆ. ಹೀಗಿದ್ದರೆ ನೀರನ್ನೋ, ಜೊತೆಗೆ ಹಾಕಿದ ಹುಳಿಯನ್ನೋ ಅನುಮಾನಿಸಿ. ಬೇಳೆಯ ಕಣಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಪೆಕ್ಟಿನ್ ಎಂಬ ಅಂಟು. ಬಿಸಿಗೆ ಆ ಅಂಟು ಬಿಡುತ್ತದೆ, ಕಣಗಳು ಕಳಚಿಕೊಳ್ಳುತ್ತವೆ. ನಾವು "ಬೇಳೆ ಕರಗಿತು" ಅನ್ನುವುದು ಇದಕ್ಕೇ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಅವು ಹೋಗಿ ಆ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಹುಳಿ ಇದ್ದರೂ ಅಂಟು ಸಡಿಲವಾಗುವುದು ನಿಧಾನ. ಒಳಗಿನ ಹಿಟ್ಟು ಬೆಂದಿರುತ್ತದೆ, ಹೊರಗಿನ ಕಟ್ಟು ಬಿಟ್ಟಿರುವುದಿಲ್ಲ.

ಕಾಳು ಹೇಳಿದ್ದರಿಂದ ಒಂದು ಅಂದಾಜು ಸಿಕ್ಕಿತು. ಖಚಿತ ಮಾಡಿಕೊಳ್ಳುವುದಕ್ಕೆ ಮುಂದಿನ ಪರೀಕ್ಷೆ.

ಮೂರು ಬಟ್ಟಲು, ಒಂದು ಕುಕ್ಕರ್

ಒಂದೇ ಅಳತೆಯ ಮೂರು ಸಣ್ಣ ಸ್ಟೀಲ್ ಬಟ್ಟಲು ತೆಗೆದುಕೊಳ್ಳಿ. ಐದು ಲೀಟರ್ ಕುಕ್ಕರಿನ ತಳದಲ್ಲಿ ಪಕ್ಕಪಕ್ಕದಲ್ಲಿ ಕೂರುವಂಥವು. ಪ್ರತಿಯೊಂದಕ್ಕೂ ಎರಡು ದೊಡ್ಡ ಚಮಚ ಬೇಳೆ, ಅರ್ಧ ಕಪ್ ನೀರು. ಬಟ್ಟಲು ಅರ್ಧಕ್ಕಿಂತ ಮೇಲೆ ತುಂಬಬಾರದು. ತುಂಬಿದರೆ ನೊರೆ ಉಕ್ಕಿ ಒಂದರ ನೀರು ಇನ್ನೊಂದಕ್ಕೆ ಸೇರುತ್ತದೆ.

ಮೊದಲನೇ ಬಟ್ಟಲಿಗೆ ನಿಮ್ಮ ಮನೆಯ ಬೇಳೆ, ದಿನಾ ಅಡುಗೆಗೆ ಬಳಸುವ ನಲ್ಲಿ ನೀರು. ಎರಡನೆಯದಕ್ಕೆ ಅದೇ ಬೇಳೆ, ಆದರೆ ಕುಡಿಯುವ ಫಿಲ್ಟರ್ ನೀರು (ಲವಣ ತೆಗೆಯುವ ಆರ್‌ಒ ಯಂತ್ರದ್ದು) ಅಥವಾ ಕ್ಯಾನ್ ನೀರು. ಮೂರನೆಯದಕ್ಕೆ ಬೇರೆ ಬೇಳೆ, ನಿಮ್ಮ ನಲ್ಲಿ ನೀರು. ಬೇರೆ ಬೇಳೆ ಅಂದರೆ ಚೆನ್ನಾಗಿ ಬೇಯುತ್ತದೆ ಎಂದು ಗೊತ್ತಿರುವ ಪಕ್ಕದ ಮನೆಯ ಬೇಳೆ ಒಂದು ಹಿಡಿ. ಉಪ್ಪು, ಅರಿಶಿನ, ಎಣ್ಣೆ, ಟೊಮೆಟೊ ಯಾವುದೂ ಬೇಡ. ಒಂದೊಂದರ ಮೇಲೂ ಒಂದು ಸಣ್ಣ ತಟ್ಟೆ ಮುಚ್ಚಿ. ಯಾವುದು ಎಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಕುಕ್ಕರ್ ಬಿಚ್ಚುವ ಹೊತ್ತಿಗೆ ಖಂಡಿತ ಮರೆತಿರುತ್ತದೆ.

ಕುಕ್ಕರ್ ತಳಕ್ಕೆ ಎರಡು ಕಪ್ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಬಟ್ಟಲುಗಳು. ಮೊದಲ ಕೂಗು ಬಂದ ಮೇಲೆ ಉರಿ ಸಿಮ್ ಮಾಡಿ ಗಡಿಯಾರ ನೋಡಿ 15 ನಿಮಿಷ. ಆಮೇಲೆ ಒಲೆ ಆರಿಸಿ, ಆವಿ ತಾನಾಗೇ ಇಳಿಯುವವರೆಗೆ ಬಿಡಿ. ನಲ್ಲಿ ಕೆಳಗೆ ಹಿಡಿಯಬೇಡಿ.

ಈಗ ಬಟ್ಟಲು ನೋಡಿ. ಎರಡನೆಯದು ಮಾತ್ರ ಬೆಂದಿದ್ದರೆ ದೋಷ ನೀರಿನದು. ಮೂರನೆಯದು ಮಾತ್ರ ಬೆಂದಿದ್ದರೆ ದೋಷ ಬೇಳೆಯದು. ಎರಡೂ ಮೂರೂ ಬೆಂದು ಮೊದಲನೆಯದು ಮಾತ್ರ ಉಳಿದಿದ್ದರೆ ಬೇಳೆಯೂ ಸ್ವಲ್ಪ ಹಳತು, ನೀರೂ ಸ್ವಲ್ಪ ಗಡಸು, ಅಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಹೊಸ ಬೇಳೆ ಆ ನೀರನ್ನು ತಡೆದುಕೊಳ್ಳುತ್ತದೆ, ಹಳೇ ಬೇಳೆ ತಡೆಯುವುದಿಲ್ಲ. ನಮ್ಮ ಬಡಾವಣೆಯಲ್ಲಿ ನಾಲ್ಕೈದು ಮನೆಗಳಲ್ಲಿ ನಾನು ನೋಡಿದ್ದು ಜಾಸ್ತಿ ಇದೇ. ಮೂರೂ ಬೇಯದಿದ್ದರೆ ಕುಕ್ಕರ್ ನೋಡಿ. ಮೂರೂ ಚೆನ್ನಾಗಿ ಬೆಂದಿದ್ದರೆ ಬೇಳೆ, ನೀರು, ಕುಕ್ಕರ್ ಮೂರೂ ಸರಿ ಇವೆ. ದಿನಾ ಮಾಡುವಾಗ ನೀವು ಜೊತೆಗೆ ಏನೋ ಹಾಕುತ್ತಿದ್ದೀರಿ, ಇಲ್ಲವೇ ಬೇಗ ಇಳಿಸುತ್ತಿದ್ದೀರಿ.

ಪಕ್ಕದ ಮನೆಯ ಬೇಳೆ ಸಿಗದಿದ್ದರೆ ಮೂರನೇ ಬಟ್ಟಲಿಗೆ ಹೆಸರುಬೇಳೆ ಹಾಕಿ. ಹೆಸರುಬೇಳೆ ಬೇಗ ಬೇಯುವಂಥದು. ಅದೂ ಗಟ್ಟಿಯಾಗೇ ಉಳಿದರೆ ತೊಗರಿಬೇಳೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಹೆಸರುಬೇಳೆ ಬೆಂದಿತು ಅಂದ ಮಾತ್ರಕ್ಕೆ ನೀರು ಒಳ್ಳೆಯದು ಅಂದುಕೊಳ್ಳಬೇಡಿ.

ನೀರು

ಇದನ್ನೇ ಉದ್ದಕ್ಕೆ ಹೇಳುತ್ತೇನೆ. ಎಲ್ಲರೂ ಕೊನೆಗೆ ನೋಡುವುದು ಇದನ್ನೇ.

ಊರ ಕಡೆ ಹಿಂದಿನವರು ನೀರನ್ನು ಸಿಹಿನೀರು, ಸೌಳು ನೀರು ಎಂದು ಬೇರೆ ಮಾಡುತ್ತಿದ್ದರು. ಸೌಳು ನೀರಿನ ಬಾವಿಯದು ಬಟ್ಟೆಗೆ, ದನಕ್ಕೆ. ಬೇಳೆಗೆ ಸಿಹಿನೀರಿನ ಬಾವಿಗೇ ಹೋಗಬೇಕು, ದೂರ ಆದರೂ ಸರಿ. ಈಗ ನಲ್ಲಿ ತಿರುಗಿಸಿದರೆ ಬರುವುದು ಯಾವ ನೀರು ಎಂದು ನಮಗೇ ಗೊತ್ತಿರುವುದಿಲ್ಲ. ಬೋರ್‌ವೆಲ್ ನೀರು ಎಷ್ಟೋ ಅಡಿ ಕೆಳಗೆ ಕಲ್ಲಿನ ಸಂದಿಯಲ್ಲಿ ನಿಂತು ಅಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಬಂದಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಿಕೊಳ್ಳಬಹುದು ಎಂದಿದೆ. ಅಂದರೆ ಕಾಗದದ ಮೇಲೆ ಕುಡಿಯಲು ಅಡ್ಡಿಯಿಲ್ಲದ ನೀರೂ ಬೇಳೆ ಬೇಯಿಸಲು ಕಷ್ಟ ಕೊಡಬಹುದು.

ಲ್ಯಾಬಿಗೆ ಹೋಗದೆ ನೋಡುವುದಕ್ಕೆ ಸೋಪಿನ ಪರೀಕ್ಷೆ ಇದೆ. ಎರಡು ಖಾಲಿ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಅರ್ಧ ನಲ್ಲಿ ನೀರು, ಇನ್ನೊಂದಕ್ಕೆ ಅರ್ಧ ಫಿಲ್ಟರ್ ನೀರು. ಮೈಗೆ ಹಚ್ಚುವ ಸೋಪಿನ ಒಂದೊಂದು ಸಣ್ಣ ಚೂರು ಹಾಕಿ ಚೆನ್ನಾಗಿ ಕುಲುಕಿ. ಫಿಲ್ಟರ್ ನೀರಲ್ಲಿ ನೊರೆ ಎದ್ದು ನಿಲ್ಲುತ್ತದೆ. ಗಡಸು ನೀರಲ್ಲಿ ನೊರೆ ಬರುವುದಿಲ್ಲ, ಬದಲಿಗೆ ಒಡೆದ ಹಾಲಿನ ಹಾಗೆ ಬಿಳಿ ಚೂರು ತೇಲುತ್ತದೆ. ಬಟ್ಟೆ ಪುಡಿಯಲ್ಲೋ ಶಾಂಪೂವಿನಲ್ಲೋ ಮಾಡಬೇಡಿ, ಅವು ಗಡಸು ನೀರಲ್ಲೂ ನೊರೆ ಕೊಡುತ್ತವೆ. ಅಂಗಡಿಯಲ್ಲಿ ಸಿಗುವ ಟಿಡಿಎಸ್ ಮೀಟರನ್ನೂ ಪೂರ್ತಿ ನಂಬಬೇಡಿ. ಅದು ನೀರಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಅಂದಾಜು ಹೇಳುತ್ತದೆ. ಬೇಳೆಯನ್ನು ಬಿಗಿ ಮಾಡುವ ಲವಣ ಎಷ್ಟು ಎಂದು ಹೇಳುವುದಿಲ್ಲ.

ಒಂದು ದಿನ ಬೆಂದು ಒಂದು ದಿನ ಬೇಯದಿರುವ ತೊಂದರೆ ನನ್ನನ್ನು ಜಾಸ್ತಿ ಕಾಡಿತು. ಬೇಳೆ ಅದೇ, ಕುಕ್ಕರ್ ಅದೇ, ಕೈ ಅದೇ. ಕೊನೆಗೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆಯಲು ಶುರು ಮಾಡಿದೆ. ಬೆಂದ ದಿನಕ್ಕೆ ಸೊನ್ನೆ, ಬೇಯದ ದಿನಕ್ಕೆ ಅಡ್ಡಗೆರೆ. ಮೂರು ವಾರಕ್ಕೆ ವಿಷಯ ಎದ್ದು ಕಂಡಿತು. ನಮ್ಮ ಕಟ್ಟಡದ ಸಂಪಿಗೆ ವಾರದಲ್ಲಿ ಎರಡು ದಿನ ಕಾವೇರಿ ನೀರು ಬರುತ್ತಿತ್ತು, ಉಳಿದ ದಿನ ಬೋರ್ ನೀರು, ಅದೂ ಸಾಲದಿದ್ದರೆ ಟ್ಯಾಂಕರ್. ಕಾವೇರಿ ಬಂದ ಮಾರನೇ ದಿನ ಸೊನ್ನೆ, ಟ್ಯಾಂಕರ್ ಬಂದ ಮೇಲೆ ಸಾಲಾಗಿ ಅಡ್ಡಗೆರೆ. ನೀರು ಬಿಡುವ ಹುಡುಗನನ್ನು ಕೇಳಿದೆ, ಅವನು ಹೇಳಿದ ದಿನಗಳೂ ನನ್ನ ಗೆರೆಗಳೂ ಸರಿಯಾಗಿ ಹೊಂದಿದವು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರು ಪೂರೈಕೆಯ 5ನೇ ಹಂತ ಶುರುವಾದ ಮೇಲೆ ಹೊರವಲಯದ ಇನ್ನಷ್ಟು ಕಡೆ ಇಂಥ ಬೆರಕೆ ಸಂಪುಗಳಿವೆ. ನಿಮ್ಮ ಮನೆಯಲ್ಲೂ ಬೇಳೆ ದಿನಕ್ಕೊಂದು ಥರ ಆಡುತ್ತಿದ್ದರೆ ಮೊದಲು ಸಂಪಿನ ಸಂಗತಿ ವಿಚಾರಿಸಿ.

ಪರಿಹಾರ ಸುಲಭ. ಬೇಳೆಗೆ ಮಾತ್ರ ಕುಡಿಯುವ ನೀರು ಹಾಕಿ. ಒಂದು ಕಪ್ ಬೇಳೆಗೆ ಮೂರು ಕಪ್ ನೀರು ಸಾಕು, ದೊಡ್ಡ ಖರ್ಚೇನಲ್ಲ. ತೊಳೆಯುವುದು ನಲ್ಲಿ ನೀರಿನಲ್ಲೇ ಆಗಲಿ. ನೆನೆಸುವುದು, ಬೇಯಿಸುವುದು ಎರಡೂ ಒಳ್ಳೆ ನೀರಿನಲ್ಲಿ ಆಗಬೇಕು. ನೆನೆಸುವುದನ್ನು ಬಹಳ ಜನ ಮರೆಯುತ್ತಾರೆ. ಬೋರ್ ನೀರಲ್ಲಿ ಒಂದು ಗಂಟೆ ನೆನೆಸಿದರೆ ಬೇಳೆ ಅಷ್ಟು ಹೊತ್ತೂ ಆ ಲವಣವನ್ನೇ ಹೀರಿಕೊಂಡಿರುತ್ತದೆ.

ಫಿಲ್ಟರ್ ನೀರು ಇಲ್ಲದ ಮನೆಗಳಲ್ಲಿ ನಲ್ಲಿ ನೀರನ್ನು ಹತ್ತು ನಿಮಿಷ ಕೊತಕೊತ ಕುದಿಸಿ, ಆರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂತಿದ್ದರೆ ಅಷ್ಟು ಗಡಸುತನ ಹೋಯಿತು ಎಂದು ಲೆಕ್ಕ. ಕೆಲವು ನೀರಿನ ಗಡಸುತನ ಕುದಿಸಿದರೂ ಹೋಗುವುದಿಲ್ಲ. ತಳದಲ್ಲಿ ಏನೂ ಕೂರದಿದ್ದರೆ ನಿಮ್ಮದು ಅಂಥ ನೀರು. ಇನ್ನೊಂದು ಮಾತು. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಪಾತ್ರೆ ತೊಳೆಯಲು ಹಿಡಿದಿಡುವುದು ಒಳ್ಳೆಯದೇ. ಆದರೆ ಆ ಬಕೆಟ್ಟಿನ ನೀರು ಬೇಳೆಗೆ ಬೀಳದಂತೆ ನೋಡಿಕೊಳ್ಳಿ. ಅದರಲ್ಲಿ ಲವಣ ನಲ್ಲಿ ನೀರಿಗಿಂತ ಜಾಸ್ತಿ.

ಅಡುಗೆ ಸೋಡ ಹಾಕಬಹುದಾ?

ಹಾಕಿದರೆ ಬೇಳೆ ಬೇಯುತ್ತದೆ, ಅದು ನಿಜ. ಸೋಡ ಪೆಕ್ಟಿನ್ ಬೇಗ ಬಿಡುವಂತೆ ಮಾಡುತ್ತದೆ. ಆದರೆ ಬಿ1 ಜೀವಸತ್ವ ಅದರಿಂದ ಹಾಳಾಗುತ್ತದೆ. ಸ್ವಲ್ಪ ಜಾಸ್ತಿಯಾದರೂ ಸಾರಿಗೆ ಸೋಪಿನ ಹಾಗೆ ಒಂದು ಜಾರು ರುಚಿ ಬರುತ್ತದೆ. ದಿನಾ ಅಡುಗೆಗೆ ಇದನ್ನು ದಾರಿ ಮಾಡಿಕೊಳ್ಳಬೇಡಿ. ಒಳ್ಳೆ ನೀರು ಸಿಗದ ದಿನ, ಒಂದು ಕಪ್ ಬೇಳೆಗೆ ಎರಡೇ ಬೆರಳಲ್ಲಿ ಹಿಡಿದ ಒಂದು ಚಿಟಿಕೆ ನೆನೆಸುವ ನೀರಿಗೆ ಹಾಕಿ, ಆ ನೀರು ಚೆಲ್ಲಿ, ಹೊಸದಾಗಿ ನಲ್ಲಿ ನೀರು ಹಾಕಿ ಬೇಯಿಸಿ.

ಕುಕ್ಕರ್

ಮೂರೂ ಬಟ್ಟಲು ಬೇಯದಿದ್ದರೆ ಇಲ್ಲಿಗೆ ಬನ್ನಿ.

ವೆಯ್ಟ್ ಸರಿಯಾಗಿ ಕೂತ ಕುಕ್ಕರಿನ ಒಳಗೆ ಶಾಖ ಸುಮಾರು 120 ಡಿಗ್ರಿಗೆ ಏರುತ್ತದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರವೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಆವಿ ಸೋರುವ ಕುಕ್ಕರ್ ಅಂದರೆ ಮುಚ್ಚಿದ ಪಾತ್ರೆ ಅಷ್ಟೇ. ಅದು ಕೂಗಿದ ಹಾಗೆ ಕೇಳಿಸಿದರೂ ಒಳಗೆ ಬೇಕಾದ ಒತ್ತಡ ಇರುವುದಿಲ್ಲ.

ಕುಕ್ಕರ್ ಹಿಡಿಯ ಹತ್ತಿರ, ಮುಚ್ಚಳದ ಅಂಚಿಗೆ ಕಣ್ಣಿಟ್ಟು ನೋಡಿ. ಅಂಚಿನಿಂದ ಆವಿ ಎದ್ದರೆ, ನೀರು ಜಿನುಗಿದರೆ ಗ್ಯಾಸ್ಕೆಟ್ ಸಡಿಲವಾಗಿದೆ. ಕೈ ಅಡ್ಡ ಹಿಡಿದು ನೋಡಬೇಡಿ, ಆವಿ ಸುಡುತ್ತದೆ. ಸೋರುತ್ತಿದ್ದರೆ ಒಲೆ ಆರಿಸಿ ಆವಿ ಇಳಿದ ಮೇಲೆ ತೆಗೆಯಿರಿ. ಗ್ಯಾಸ್ಕೆಟನ್ನು ಹತ್ತು ನಿಮಿಷ ಫ್ರೀಜರಿನಲ್ಲಿಟ್ಟರೆ ಬಿಗಿಯಾಗುತ್ತದೆ, ಆ ಹೊತ್ತಿನ ಅಡುಗೆಯೂ ಆಗುತ್ತದೆ. ಅದು ಆ ಹೊತ್ತಿಗೆ ಮಾತ್ರ. ಮಾರನೇ ದಿನವೇ ಹೊಸದು ತನ್ನಿ. ನಿಮ್ಮ ಕುಕ್ಕರಿನ ಕಂಪನಿಯದೇ ಆಗಿರಲಿ, ಅಳತೆಯೂ ಅದೇ ಇರಲಿ. ಮೇಲೆ ಐಎಸ್‌ಐ ಗುರುತು ನೋಡಿ. ಎರಡು ಕುಕ್ಕರ್ ಇರುವ ಮನೆಗಳಲ್ಲಿ ವೆಯ್ಟ್ ಅದಲು ಬದಲಾಗುವುದೂ ಉಂಟು. ನಮ್ಮ ಮನೆಯಲ್ಲಿ ಮೂರು ಲೀಟರಿನದು ಐದು ಲೀಟರಿನದರ ಮೇಲೆ ಒಂದು ವಾರ ಕೂತಿತ್ತು. ನೋಡಲು ಒಂದೇ ಥರ, ತೂಕ ಬೇರೆ.

ಆವಿ ಬರುವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆ ಬದಿಯ ಬೆಳಕು ಕಾಣಬೇಕು. ಬೇಳೆಯ ನೊರೆ ಒಣಗಿ ಅಲ್ಲಿ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿದರೆ ಬೇಳೆ ಬೇಯುವ ಮಾತಿರಲಿ, ಅಪಾಯ. ಕಡ್ಡಿಯಿಂದ ಬಿಡಿಸಿ ತೊಳೆಯಿರಿ. ಬೇಳೆ, ಕಾಳು ಬೇಯಿಸುವಾಗ ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬಾರದು ಅನ್ನುವುದು ಇದಕ್ಕೇ. ಹಿರಿಯರು ಬೇಳೆಗೆ ಅರ್ಧ ಚಮಚ ಎಣ್ಣೆ ಬಿಡುವುದರಲ್ಲಿಯೂ ಇದೇ ಜಾಣತನ ಇದೆ. ಎಣ್ಣೆ ನೊರೆಯನ್ನು ತಗ್ಗಿಸುತ್ತದೆ. ಸೇಫ್ಟಿ ವಾಲ್ವ್ ಹೋಗಿದ್ದರೆ ಮಾತ್ರ ಮನೆಯಲ್ಲಿ ಏನೂ ಮಾಡಲು ಹೋಗಬೇಡಿ, ಅಸಲಿ ಬಿಡಿಭಾಗವನ್ನೇ ಹಾಕಿಸಿ.

ಕುಕ್ಕರಿನಲ್ಲಿ ಏನೂ ತಪ್ಪಿಲ್ಲದೆ ಲೆಕ್ಕ ತಪ್ಪುವುದೂ ಇದೆ. ನಾವು ಕೂಗು ಎಣಿಸುತ್ತೇವೆ. ಆದರೆ ಬೇಳೆಗೆ ಬೇಕಾದದ್ದು ನಿಮಿಷ. ಇಂಡಕ್ಷನ್ ಒಲೆಯಲ್ಲಿ ಜೋರು ಇಟ್ಟರೆ ನಾಲ್ಕು ಕೂಗು ಮೂರೇ ನಿಮಿಷದಲ್ಲಿ ಮುಗಿಯುತ್ತದೆ. ಸಣ್ಣ ಉರಿಯ ಗ್ಯಾಸಿನಲ್ಲಿ ಅದೇ ನಾಲ್ಕು ಕೂಗಿಗೆ ಹತ್ತು ಹನ್ನೆರಡು ನಿಮಿಷ ಹಿಡಿಯಬಹುದು. "ನಮ್ಮಮ್ಮನ ಮನೇಲಿ ನಾಲ್ಕು ಕೂಗಿಗೆ ಬೇಯುತ್ತೆ, ನನಗೆ ಬೇಯಲ್ಲ" ಎಂದು ಬೇಜಾರು ಮಾಡಿಕೊಳ್ಳುವ ಹುಡುಗಿಯರಿಗೆ ನಾನು ಮೊದಲು ಕೇಳುವುದು ಒಲೆ ಯಾವುದು ಎಂದು. ಅರ್ಧ ಗಂಟೆ ನೆನೆಸಿದ ಬೇಳೆಗೆ ಮೊದಲ ಕೂಗಿನ ನಂತರ ಸಿಮ್‌ನಲ್ಲಿ 8 ನಿಮಿಷ, ನೆನೆಸದ್ದಕ್ಕೆ 12 ನಿಮಿಷ. ನನ್ನ ಅಡುಗೆಮನೆಯಲ್ಲಿ ಈ ಲೆಕ್ಕ ಸರಿ ಬಂದಿದೆ. ಅಲ್ಲಿಂದ ನಿಮ್ಮ ಒಲೆಗೆ ಹೊಂದಿಸಿಕೊಳ್ಳಿ. ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಒಳಗೆ ಬೇಯುತ್ತಲೇ ಇರುತ್ತದೆ. ಅವಸರಕ್ಕೆ ವೆಯ್ಟ್ ಎತ್ತಿ ಆವಿ ಬಿಟ್ಟರೆ ಆ ಹತ್ತು ನಿಮಿಷ ಹೋಯಿತು.

ಅನ್ನದ ಪಾತ್ರೆ, ಬೇಳೆ ಪಾತ್ರೆ ಒಂದರ ಮೇಲೊಂದು ಇಡುವವರು ಬೇಳೆಯನ್ನು ಕೆಳಗಿಡಿ. ಪಾತ್ರೆಯೊಳಗೆ ಇಟ್ಟ ಬೇಳೆಗೆ, ಕುಕ್ಕರಿಗೇ ನೇರವಾಗಿ ಹಾಕಿದ್ದಕ್ಕಿಂತ ಮೂರ್ನಾಲ್ಕು ನಿಮಿಷ ಜಾಸ್ತಿ ಬೇಕು.

ಬೇಳೆ

ಕರ್ನಾಟಕದಲ್ಲಿ ತೊಗರಿ ಅಂದರೆ ಕಲಬುರಗಿ. ಅಲ್ಲಿನ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಎಂಬ ಗುರುತು) ಸಿಕ್ಕಿದೆ. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್, ಜನವರಿ ಹೊತ್ತಿಗೆ ಕೊಯ್ಲಾಗುತ್ತದೆ. ಹೊಸ ಬೇಳೆ ಅಂಗಡಿಗೆ ಬರುವುದು ಅದರ ಮೇಲೆ. ಅಲ್ಲಿಂದ ಲೆಕ್ಕ ಹಾಕಿದರೆ ಅಕ್ಟೋಬರ್, ನವೆಂಬರ್‌ನಲ್ಲಿ ನಾವು ಕೊಳ್ಳುವ ಬೇಳೆ ಒಂದು ಬೇಸಿಗೆ, ಒಂದು ಮಳೆಗಾಲ ಕಂಡಿರುತ್ತದೆ. ಪ್ಯಾಕೆಟ್ ಮೇಲಿರುವುದು ಪ್ಯಾಕ್ ಮಾಡಿದ ದಿನ, ಬೆಳೆ ಬಂದ ದಿನ ಅಲ್ಲ. ಹಾಗಾಗಿ ದಿನಾಂಕ ನೋಡಿ ಹೊಸದು ಅಂದುಕೊಳ್ಳುವ ಹಾಗಿಲ್ಲ.

ಬೇಳೆಗೆ ವಯಸ್ಸಾಗುವುದಕ್ಕಿಂತ ಕೆಟ್ಟದ್ದು ಸೆಕೆ ಮತ್ತು ತೇವ ಎರಡೂ ಸೇರುವುದು. ಹಾಗೆ ಇಟ್ಟ ಬೇಳೆಯ ಒಳಗೇ ಇರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗಿ ಆ ಪೆಕ್ಟಿನ್ನನ್ನು ಹಿಡಿದುಕೊಳ್ಳುತ್ತವೆ. ಗಡಸು ನೀರು ಹೊರಗಿನಿಂದ ಮಾಡುವ ಕೆಲಸವನ್ನೇ ಇದು ಒಳಗಿನಿಂದ ಮಾಡುತ್ತದೆ. ಆಮೇಲೆ ಎಷ್ಟು ಒಳ್ಳೆ ನೀರು ಹಾಕಿದರೂ ಪೂರ್ತಿ ಸರಿಯಾಗುವುದಿಲ್ಲ. ನಾನು ಐದು ಕಿಲೋ ಬೇಳೆ ಡಬ್ಬಿಯನ್ನು ಒಲೆಯ ಮೇಲ್ಗಡೆಯ ಸ್ಲ್ಯಾಬಿನಲ್ಲಿ ಇಟ್ಟಿದ್ದೆ. ಕೈಗೆ ಸಿಗುವ ಜಾಗ. ದಿನಾ ಎರಡು ಹೊತ್ತು ಒಲೆಯ ಬಿಸಿ, ಕುಕ್ಕರಿನ ಆವಿ ನೇರ ಅದಕ್ಕೇ ಬಡಿಯುತ್ತಿತ್ತು. ತಂದಾಗ ಚೆನ್ನಾಗಿ ಬೇಯುತ್ತಿದ್ದ ಬೇಳೆ ಮಳೆಗಾಲ ಕಳೆಯುವ ಹೊತ್ತಿಗೆ ಹಟ ಹಿಡಿಯಿತು. ಅದೇ ಚೀಲದಿಂದ ತಂಗಿಗೆ ಕೊಟ್ಟಿದ್ದ ಎರಡು ಕಿಲೋ ಅವಳ ಮನೆಯಲ್ಲಿ ಆಗಲೂ ನುಣ್ಣಗೆ ಬೇಯುತ್ತಿತ್ತು. ಅವಳ ಬೇಳೆ ಒಂದು ಹಿಡಿ ತರಿಸಿ ಮೂರನೇ ಬಟ್ಟಲಿಗೆ ಹಾಕಿದ ದಿನ ನನಗೆ ಡಬ್ಬಿಯ ಜಾಗ ಹೊಳೆದದ್ದು. ಈಗ ಒಂದು ತಿಂಗಳಿಗೆ ಆಗುವಷ್ಟೇ ತರುತ್ತೇನೆ. ಬಿಗಿ ಮುಚ್ಚಳದ ಡಬ್ಬಿ, ಒಲೆಯಿಂದ ದೂರದ ಕೆಳಗಿನ ಕಪಾಟು.

ಹಳೇ ಬೇಳೆಯನ್ನು ಬಿಸಾಡಬೇಡಿ. ಕುದಿಯುವ ಒಳ್ಳೆ ನೀರು ಹೊಯ್ದು ಒಂದೂವರೆ ಗಂಟೆ ನೆನೆಸಿ. ಆ ನೀರಿಗೆ ಲೀಟರಿಗೆ ಒಂದು ಚಮಚದಷ್ಟು ಉಪ್ಪು ಹಾಕಿದರೆ ಇನ್ನೂ ಒಳ್ಳೆಯದು. ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲ ಎಂದು ಬಹಳ ಮನೆಗಳಲ್ಲಿ ಹೇಳುತ್ತಾರೆ, ನಾನೂ ನಂಬಿದ್ದೆ. ಎರಡು ಬಟ್ಟಲಲ್ಲಿ ಇಟ್ಟು ನೋಡಿದೆ. ಉಪ್ಪು ನೀರಲ್ಲಿ ನೆನೆದದ್ದೇ ಮೊದಲು ಕರಗಿತು. ಉಪ್ಪಿನ ಸೋಡಿಯಂ ಆ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ, ಅಂಟು ಸಡಿಲವಾಗುತ್ತದೆ. ಅಡುಗೆ ಉಪ್ಪಿಗೂ ಗಡಸು ನೀರಿನ ಲವಣಕ್ಕೂ ಇರುವ ವ್ಯತ್ಯಾಸ ಇದು.

ಬೆರಕೆ ಬೇಳೆಗೆ ಒಂದೇ ಉಪಾಯ. ಗಟ್ಟಿ ಕಾಳಿಗೆ ಬೇಕಾದಷ್ಟು ಹೊತ್ತು ಎಲ್ಲವನ್ನೂ ನೆನೆಸಿ. ಮುಂದಿನ ಸಲ ಕಿಲೋಗಟ್ಟಲೆ ಕೊಳ್ಳುವ ಮೊದಲು ಕಾಲು ಕಿಲೋ ತಂದು ಬೇಯಿಸಿ ನೋಡಿ.

ಹುಳಿ, ಬೆಲ್ಲ, ಟೊಮೆಟೊ

ಬೇಳೆಯ ಜೊತೆಗೇ ಟೊಮೆಟೊ ಹಾಕಿ ಕೂಗಿಸುವ ಅಭ್ಯಾಸ ಇದ್ದರೆ ಅದನ್ನು ಬಿಟ್ಟು ನೋಡಿ. ಟೊಮೆಟೊವನ್ನು ಬೇರೆ ಬಟ್ಟಲಲ್ಲಿ ಅದೇ ಕುಕ್ಕರಿನೊಳಗೆ ಇಡಬಹುದು. ಹುಣಸೆ ರಸ, ಬೆಲ್ಲ, ಮಾವಿನಕಾಯಿ ಎಲ್ಲ ಬೇಳೆ ಮಸೆದ ಮೇಲೆ. ಒಳ್ಳೆ ನೀರು, ಹೊಸ ಬೇಳೆ ಇರುವವರಿಗೆ ಜೊತೆಗೆ ಹಾಕಿದರೂ ನಡೆಯುತ್ತದೆ. ಗಡಸು ನೀರಿನ ಮನೆಯಲ್ಲಿ ಅರ್ಧ ಟೊಮೆಟೊ ಕೂಡ ಸಾಕು, ಬೇಳೆ ನಿಂತುಬಿಡುತ್ತದೆ. ಅರಿಶಿನದಿಂದ ಏನೂ ತೊಂದರೆ ಇಲ್ಲ.

ಇವತ್ತಿನ ಊಟ ಏನು ಮಾಡೋದು?

ಕಾರಣ ಆಮೇಲೆ ಹುಡುಕೋಣ, ಈಗ ಮಕ್ಕಳಿಗೆ ಹಸಿವು.

ಕಾಳು ಮೆತ್ತಗಿದ್ದು ಬರೀ ಆಕಾರ ಉಳಿದಿದ್ದರೆ ಮೇಲಿನ ಕಟ್ಟು ಬಸಿದುಕೊಳ್ಳಿ. ಬೇಳೆಯ ಅರ್ಧ ಭಾಗ ಆರಿಸಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಕಟ್ಟಿಗೆ ಸೇರಿಸಿ ಸಾರು ಮಾಡಿ. ಉಳಿದ ಅರ್ಧಕ್ಕೆ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಹಾಕಿ, ಈರುಳ್ಳಿ ಬಾಡಿಸಿ, ಮೇಲೆ ಕಾಯಿತುರಿ ಉದುರಿಸಿದರೆ ಚೆಂದದ ಪಲ್ಯ. ಒಂದೇ ಬೇಳೆಯಲ್ಲಿ ಎರಡು ಅಡುಗೆ ಆಯಿತು. ನಮ್ಮ ಮನೆಯಲ್ಲಿ ಈ ಪಲ್ಯವನ್ನು ಈಗ ಬೇಕಂತಲೇ ಕೇಳುತ್ತಾರೆ.

ಹಿಚುಕಿದಾಗ ಬಿಳಿ ಚುಕ್ಕೆ ಇದ್ದರೆ ಮಾತ್ರ ಮಿಕ್ಸಿ ಬೇಡ. ಅರೆದರೂ ಹಸಿ ಬೇಳೆ ಹಸಿಯೇ, ಹೊಟ್ಟೆ ಉಬ್ಬರಿಸುತ್ತದೆ. ಒಂದು ಕಪ್ ಬಿಸಿ ನೀರು ಸೇರಿಸಿ ಇನ್ನೊಮ್ಮೆ ಕುಕ್ಕರಿಗೇ ಇಡಿ. ತಣ್ಣೀರು ಹಾಕಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಅಷ್ಟರಲ್ಲಿ ಬೇಳೆಯಿಲ್ಲದ ಮೆಣಸಿನ ಸಾರನ್ನೋ ತಂಬುಳಿಯನ್ನೋ ಮಾಡಿ ಬಡಿಸಿಬಿಡಿ.

ಬೇರೆ ಬೇಳೆ, ಕಾಳುಗಳಿಗೆ

ಕಡಲೆಕಾಳು, ಹುರುಳಿ, ಒಣ ಅವರೆಗೂ ಇದೇ ಮೂರು ಬಟ್ಟಲು ನಡೆಯುತ್ತದೆ. ರಾತ್ರಿಯಿಡೀ ನೆನೆಸಿ, ಸಮಯ ಜಾಸ್ತಿ ಕೊಡಿ. ರಾಜ್ಮಾ ವಿಷಯದಲ್ಲಿ ಮಾತ್ರ ಎಚ್ಚರ. ಅರೆಬೆಂದ ರಾಜ್ಮಾದಲ್ಲಿ ವಾಂತಿ ಭೇದಿ ತರುವ ವಿಷದ ಅಂಶ ಉಳಿದಿರುತ್ತದೆ. ನೆನೆಸಿದ ನೀರು ಚೆಲ್ಲಿ, ಪೂರ್ತಿ ಬೆಂದ ಮೇಲೆಯೇ ಬಾಯಿಗಿಡಿ. ಬೆಂದಿದೆಯಾ ಎಂದು ನೋಡಲು ಹಲ್ಲಲ್ಲಿ ಕಚ್ಚಬೇಡಿ, ಬೆರಳಲ್ಲಿ ಹಿಚುಕಿ.

ಹೋಳಿಗೆಗೆ ಕಡಲೆಬೇಳೆ ಬೇಯಿಸುವಾಗ ತೊಂದರೆ ಉಲ್ಟಾ. ಅಲ್ಲಿ ಬೇಳೆ ಬೇಯಬೇಕು, ಕರಗಬಾರದು. ಕರಗಿದರೆ ಹೂರಣ ನೀರಾಗುತ್ತದೆ. ಫಿಲ್ಟರ್ ನೀರಿಗೆ ಬದಲಾದ ಮೇಲೆ ನನಗೆ ಮೊದಲ ಯುಗಾದಿಗೆ ಹೀಗೇ ಆಯಿತು. ಬೋರ್ ನೀರಿನ ಕಾಲದ ಲೆಕ್ಕದಲ್ಲಿ ಕುಕ್ಕರಿನಲ್ಲಿ ಕೂಗಿಸಿದೆ, ಬೇಳೆ ಪಾಯಸವಾಗಿತ್ತು. ಈಗ ಕಡಲೆಬೇಳೆಯನ್ನು ತೆರೆದ ಪಾತ್ರೆಯಲ್ಲೇ ಬೇಯಿಸುತ್ತೇನೆ. ಒಂದು ಕಾಳು ಹಿಚುಕಿದರೆ ಎರಡಾಗಿ ಒಡೆದು ಮೆತ್ತಗೆ ಪುಡಿಯಾಗಬೇಕು. ಆ ಹೊತ್ತಿಗೆ ಬಸಿದರೆ ಹೂರಣ ಗಟ್ಟಿ ಬರುತ್ತದೆ, ಬಸಿದ ಕಟ್ಟಿನಲ್ಲಿ ಆ ದಿನದ ಒಬ್ಬಟ್ಟಿನ ಸಾರೂ ಆಗುತ್ತದೆ.